ಹನ್ನೆರಡು ಕಿಲೋ ಖಾರಾ ಶೇಂಗಾ

ಬ್ಯಾಡಗಿಯೊಳಗ ಮುಂಜಾನೆ ಪ್ಯಾಸೆಂಜರ್ ಹತ್ತಿದಾಗ
ಚೀಲದಾಗ ಹನ್ನೆರಡು ಕಿಲೋ ಖಾರಾ ಶೇಂಗಾ,
ಚಿಗವ್ವ ಫಕೀರವ್ವ ರಾತ್ರಿಯೆಲ್ಲಾ ಹುರಿದದ್ದು,
ಇನ್ನಾ ಬೆಚ್ಚಗ, ತೊಡಿ ಮ್ಯಾಲ ಮಲಗಿದ ಕೂಸಿನಂಗ.

ಆಕಿಗೆ ಹೇಳಿದ್ದು:
ಹುಬ್ಬಳ್ಳಿ ಜಂಕ್ಷನ್ನಾಗ ಪ್ರಯಾಣಿಕರಿಗೆ ಮಾರತೇನಿ.
ಸುಳ್ಳು ಅಂದರ ಪೂರಾ ಸುಳ್ಳಲ್ಲ.

ಸ್ಟೇಷನ್ ರೋಡಿನ ಮೊದಲನೇ ವೈನ್ ಶಾಪು.
ಕಬ್ಬಿಣದ ಜಾಳಿಗಿ, ನಡುವ ಒಂದು ಕಿಂಡಿ.
ಹತ್ತೂವರಿಗೇ ಹತ್ತು ಕೈ, ಒಂದರ ಮ್ಯಾಲೊಂದು:
ಗ್ರೀಸ್ ಹತ್ತಿದ್ದು,
ಮದಿವಿ ಮದರಂಗಿ ಇನ್ನಾ ಕೆಂಪಗಿದ್ದದ್ದು,
ಬೆರಳಿಗೆ ಮೊನ್ನಿ ಓಟಿನ ಮಸಿ ಇದ್ದದ್ದು.
ಒಳಗಿನವಗ ಮುಖ ಕಾಣೂದಿಲ್ಲ, ನೋಟು ಕಾಣತೈತಿ.
ನಾನೂ ಕೈ ತೂರಿಸಿದೆ, ಮುಷ್ಟಿ ತುಂಬ ಶೇಂಗಾ ಹಿಡಿದು.
ಯಾರೋ ಇಸಗೊಂಡರು. ಅಗಿಯೂ ಸಪ್ಪಳ.
"ಎರಡು ಕಿಲೋ. ರೊಕ್ಕ ಮುಂದಿನ ಬುಧವಾರ."
ಆ ದನಿಯ ಮಾರಿ ಇವತ್ತಿಗೂ ನೋಡಿಲ್ಲ.

ಕೊಪ್ಪೀಕರ ರೋಡ್ ದಾಟಿ, ಅರಿವಿ ಅಂಗಡಿ ಹಿಂದಿನ ಸಂದ್ಯಾಗ
ಪೂರ್ಣಿಮಾ ಬಾರ್. ಒಳಗ ಹಾಡಹಗಲ ಅಮಾಸಿ.
ಕಣ್ಣು ಹೊಂದೂತನಾ ಬಾಗಿಲದಾಗ ನಿಂತೆ.
ಆಮ್ಯಾಲ ಒಬ್ಬೊಬ್ಬರಾಗಿ ಮೂಡಿದರು:
ಟಾಯ್ ಸಡಲಿಸಿದ ಔಷಧಿ ಏಜೆಂಟ,
ತನ್ನಷ್ಟಕ್ಕ ತಾನು ಲೆಕ್ಕ ಹಾಕೂ ಲಾರಿ ಡ್ರೈವರ,
ಬಿಳಿ ಟೊಪಗಿ ತೆಗೆದು, ತೊಡಿ ಮ್ಯಾಲ ಇಟ್ಟು,
ಅದಕ್ಕ ವಾಸನಿ ಹತ್ತಬಾರದಂತ
ಕರವಸ್ತ್ರ ಮುಚ್ಚಿದ ಒಬ್ಬ ಹಿರ್ಯಾ.

ಮಾಲಕ ಗಣಪತಸಾ ಒಂದು ಕಾಳು ಬಲ್ಬಿಗೆ ಹಿಡಿದು ನೋಡಿದ.
"ಬಣ್ಣ ಐತಿ. ಖಾರ ಎಲ್ಲೈತೋ ತಮ್ಮಾ?"
ಬ್ಯಾಡಗಿ ಮೆಣಸಿನಕಾಯಿರಿ, ಅಂದೆ.
"ಅದಕ್ಕ ಕೇಳಿದ್ದು. ಗುಂಟೂರು ಕೂಡಸು.
ಉಪ್ಪು ಇನ್ನೊಂದು ಮುಷ್ಟಿ.
ಮಂದಿಗೆ ನೀರಡಿಕಿ ಆದರ ನನ್ನ ಗಲ್ಲಾ ತುಂಬೂದು."
ಬ್ಯಾಡಗಿ ಮನ್ಯಾಗ ಗುಂಟೂರು!
ಹಿತ್ತಲ ಬಾಗಿಲಿಂದ ಸವತಿ ತಂದಂಗ.

ದಾಜಿಬಾನ ಪೇಟಿ, ನೀಲಿಜಿನ್ ರೋಡು, ಹಳೇ ಹುಬ್ಬಳ್ಳಿ.
ಒಂದು ಕಡೆ ಬ್ಯಾಡ ಅಂದರು, ಒಂದು ಕಡೆ ತೂಕ ತಪ್ಪು ಅಂದರು,
ಒಂದು ಕಡೆ ವೇಟರ್ ಬಾಳ್ಯಾ ಖಾಲಿ ಕ್ರೇಟಿನ ಮ್ಯಾಲ ಕುಂದರಿಸಿ
ಪಾಠ ಹೇಳಿದ:
ಬಿಯರಿನವ ಮುಷ್ಟಿಲೆ ತಿಂತಾನ.
ರಮ್ಮಿನವ ಉಪ್ಪಿನಕಾಯಿ ಬೇಡತಾನ.
ಪಾಕೀಟಿನವ, ಪಾಪ, ಅಂಗೈಗೆ ಉಪ್ಪು ಹಾಕ್ಕೊಂಡು ನೆಕ್ಕತಾನ,
ಅವಗ ನೀ ಮಾರಬ್ಯಾಡ,
ನಾಕು ಕಾಳು ಹಂಗ ಕೊಟ್ಟು ಹೋಗು.

ಚಿಗರಿ ಬಸ್ಸಿನ ತಣ್ಣನ ಗಾಳ್ಯಾಗ
ನನ್ನ ಅಂಗಿ ಎಲ್ಲಾರಿಗೂ ನನ್ನ ದಿನಾ ಹೇಳತಿತ್ತು.
ಬಾಜೂಕ ಕುಂತಿದ್ದ ಬಾಯಿ ಎದ್ದು ನಿಂತಳು.
ಒಂದು ಹನಿ ಮುಟ್ಟಿಲ್ಲರಿ ಅಕ್ಕಾರ, ಅನಬೇಕಂದೆ.
ಬಿಟ್ಟೆ. ನವನಗರ ಬಂತು, ಹೋತು.

ಧಾರವಾಡದ ಕೋರ್ಟಿನ ಹಿಂದಿನ ಬಾರು
ಪರೀಕ್ಷಾ ಕೋಣಿಯಷ್ಟು ಶಾಂತ.
ಮೂಲ್ಯಾಗ ಒಬ್ಬ ರಿಟಾಯರ್ಡ್ ಟೈಪಿಸ್ಟ್.
ಎಡಗೈ ಬೆರಳು ಟೇಬಲ್ ಮ್ಯಾಲ ಇನ್ನಾ ಯಾರದೋ ವಕಾಲತ್ತು ಬಡೀತಿದ್ದುವು.
ಬಲಗೈಲೆ ಒಂದು ಗುಟುಕಿಗೆ ಒಂದೇ ಶೇಂಗಾ.
"ಹುರಿದವರು ಹೆಣಮಗಳು," ಅಂದ.
ಹ್ಯಾಂಗ್ರಿ ಗೊತ್ತಾತು?
"ಒಂದೂ ಕರ್ರಗಾಗಿಲ್ಲ.
ನಡುವ ಎದ್ದು ಬೀಡಿ ಸೇದಾಕ ಹೋಗಿಲ್ಲ."
ಆಮ್ಯಾಲ ಪ್ಲೇಟ್ ತನ್ನ ಕಡೆ ಎಳಕೊಂಡ,
ಯಾರೋ ಕಸಗೊಂತಾರ ಅನ್ನೂವಂಗ.
ಚಿಗವ್ವಗ ಇದನ್ನ ಹೇಳಬೇಕು ಅಂದಕೊಂಡೆ.
ಯಾರು ಅಂದರು ಅಂತ ಕೇಳಿದರ?

ರಾತ್ರಿ ಗಾಡಿ ತಡ ಆತು. ಖಾಲಿ ಚೀಲ ಮಡಚಿ ತಲಿಗೆ ಇಟಗೊಂಡು
ಜಂಕ್ಷನ್ನಿನ ಬಾಕಿನ ಮ್ಯಾಲ ಮಲಗಿದೆ.
ಬಾಜೂಕ ಒಬ್ಬ ಪ್ರಯಾಣಿಕ ಶೇಂಗಾ ತಿಂತಿದ್ದ.
ಬ್ಯಾರೆ ಯಾರವೋ.

ಮನಿ ಮುಟ್ಟಿದಾಗ ಆಕಿ ಎಚ್ಚರಿದ್ದಳು.
"ಏನಂದರೋ ಮಂದಿ?"
ಉಪ್ಪು ಇನ್ನೊಂದಿಷ್ಟು ಬೇಕಂತ.
ಗುಂಟೂರು ಸುದ್ದಿ ಎತ್ತಲಿಲ್ಲ.
ನನ್ನ ಅಂಗಿ ಇಸಗೊಂಡು ಬಕೀಟಿಗೆ ಹಾಕಿದಳು,
ಮೂಸಿದಳೋ ಇಲ್ಲೋ, ಕತ್ತಲಿತ್ತು.
"ಭಾಳ ದೂರದ ಪ್ರಯಾಣ ಇರಬೇಕು ಅವರದು," ಅಂದಳು.
"ಉಪ್ಪು ಹಾಕತೇನಿ ಬಿಡು.
ಅವರಿಗೆ ನಡುನಡುವ
ಬರೇ ನೀರೂ ಕುಡೀರಿ ಅಂತ ಹೇಳು."